ಬೆಂಗಳೂರಿನ ಹೊರಾಂಗಣ ದೀಪಗಳು: ಈಗಿರುವ ನಿಯಮ ಎಷ್ಟು, ನಾವು ಬರೆದುಕೊಳ್ಳಬೇಕಾದದ್ದು ಎಷ್ಟು?

ಸಂಘದ_ಕಾರ್ಯದರ್ಶಿ
ಮನೆ, ಅಂಗಡಿ, ಕಟ್ಟಡಗಳ ಹೊರಗಿನ ದೀಪ ಎಷ್ಟು ಪ್ರಖರವಾಗಿರಬಹುದು, ಎಷ್ಟು ಹೊತ್ತಿನವರೆಗೆ ಉರಿಯಬಹುದು ಅನ್ನೋದಕ್ಕೆ ಬೆಂಗಳೂರಿನಲ್ಲಿ ಬರಹದಲ್ಲಿರೋ ನಿಯಮ ಯಾವುದು? ಸಂದರ್ಭ ಹೀಗಿದೆ: 30 ಅಡಿ ರಸ್ತೆ. ಎದುರು ಕಟ್ಟಡದ ಗೇಟಿನ ಮೇಲೆ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್, ಮುಖ ನೇರ ರಸ್ತೆ ಈಚೆಯ ಕಿಟಕಿಗಳಿಗೆ. ಮೂಲೆ ಅಂಗಡಿಯ ಓಡುವ ಅಕ್ಷರದ ಬೋರ್ಡು, ಬಾಗಿಲು ಹಾಕಿದ ಮೇಲೂ ಬೆಳಗಿನವರೆಗೆ ಉರಿಯುತ್ತೆ. ಬೀದಿದೀಪದ ಬೆಳಕು ಎರಡನೇ ಮಹಡಿಯ ಮಲಗುವ ಕೋಣೆಗೆ ನುಗ್ಗುತ್ತೆ. ಮೂರಕ್ಕೂ ಬೇರೆ ಬೇರೆ ದಾರಿ ಇದೆಯಾ? ಜೊತೆಗೆ ಅಪಾರ್ಟ್‌ಮೆಂಟಿನ ಸ್ವಂತ ದೀಪಗಳಿಗೂ ಸಾಮಾನ್ಯ ಸಭೆಯಲ್ಲಿ ಒಂದು ನಿಯಮ ತರಬೇಕು. ಅದರ ಪಠ್ಯಕ್ಕೆ ಸಲಹೆ ಬೇಕು.

ಕಾನೂನು_ಪುಟ
ಮೊದಲು ಇರುವುದನ್ನು ಇರುವಂತೆ ಹೇಳುತ್ತೇನೆ. ಬೆಳಕಿನ ಮಾಲಿನ್ಯಕ್ಕೆಂದೇ ಮಾಡಿದ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಶಬ್ದಕ್ಕೆ 2000ನೇ ಇಸವಿಯ ನಿಯಮಗಳಿವೆ: ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್, ರಾತ್ರಿ ಎಂದರೆ 10ರಿಂದ 6. ಪೊಲೀಸರು ಸ್ಪೀಕರ್ ನಿಲ್ಲಿಸಲು ಸಾಧ್ಯವಾಗುವುದು ಈ ಅಂಕಿಗಳ ಬಲದಿಂದ. ಬೆಳಕಿಗೆ ಅಂಥ ಅಂಕಿ ಇಲ್ಲ. 1986ರ ಪರಿಸರ (ಸಂರಕ್ಷಣೆ) ಕಾಯ್ದೆಯ ವ್ಯಾಖ್ಯೆಯಲ್ಲಿ ಮಾಲಿನ್ಯಕಾರಕ ಎಂದರೆ ಘನ, ದ್ರವ ಅಥವಾ ಅನಿಲ ರೂಪದ ವಸ್ತು. ಬೆಳಕು ಈ ಮೂರರಲ್ಲಿ ಒಂದೂ ಅಲ್ಲ.

ಉಳಿಯುವುದು ಉಪದ್ರವದ ಕಾನೂನು. ಸಾರ್ವಜನಿಕ ಉಪದ್ರವದ ವ್ಯಾಖ್ಯೆ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 270ರಲ್ಲಿದೆ, ಹಿಂದೆ ಐಪಿಸಿ 268ರಲ್ಲಿತ್ತು. ಉಪದ್ರವ ತೆಗೆಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ ಹೊರಡಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಲ್ಲಿದೆ, ಹಿಂದಿನ ಸಿಆರ್‌ಪಿಸಿ 133. ಇದು ಒಂದು ಮನೆ ಮತ್ತು ಇನ್ನೊಂದು ಮನೆಯ ನಡುವಿನ ತಕರಾರಿಗೆ ಹೊಂದುವುದಿಲ್ಲ. ಅಂಗಡಿಯ ಬೋರ್ಡಿನಿಂದ ಇಡೀ ಬೀದಿಯವರ ದೈಹಿಕ ನೆಮ್ಮದಿಗೆ ತೊಂದರೆ ಎಂದು ಹಲವು ಮನೆಯವರು ಸೇರಿ ಬರೆದರೆ ಹೊಂದುತ್ತದೆ. ಎದುರು ಮನೆಯ ಫ್ಲಡ್‌ಲೈಟಿಗೆ ದಾರಿ ಖಾಸಗಿ ಉಪದ್ರವ, ಎಂದರೆ ಸಿವಿಲ್ ಕೋರ್ಟಿನಲ್ಲಿ ನಿರ್ಬಂಧಕಾಜ್ಞೆಯ ದಾವೆ. ಅಲ್ಲಿಯವರೆಗೆ ಹೋಗುವ ಪ್ರಮೇಯ ಬಹುತೇಕ ಬರುವುದಿಲ್ಲ, ಬರಲೂಬಾರದು. ಆದರೆ ನೋಟೀಸಿನಲ್ಲಿ ಅಳತೆಯ ಅಂಕಿ ಇದ್ದರೆ ಅದರ ತೂಕವೇ ಬೇರೆ.

ಬೋರ್ಡಿನ ವಿಷಯಕ್ಕೆ ಒಂದು ಮಾತು. ನಾಮಫಲಕದಲ್ಲಿ ಕನ್ನಡ 60% ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ, ಪಾಲಿಕೆಯವರು ಅಳೆದು ನೋಟೀಸು ಕೊಡುತ್ತಾರೆ. ಅದೇ ಫಲಕದ ಪ್ರಖರತೆಗೂ ಒಂದು ಸಾಲು ಸೇರಿಸಿ ಅದೇ ತಪಾಸಣೆಯಲ್ಲಿ ನೋಡಲು ಆಡಳಿತಕ್ಕೆ ಕಷ್ಟವೇನಿಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿರುವ ಈ ಹೊತ್ತಿನಲ್ಲಿ ಉಪವಿಧಿಗಳಿಗೆ ಸಲಹೆ ಕೊಡಬೇಕಾದವರು ಈಗಲೇ ಕೊಡಬೇಕು.

ಲಕ್ಸ್_ಲೆಕ್ಕ
ದೊಡ್ಡ ಕಟ್ಟಡಗಳಿಗೆ ಇನ್ನೊಂದು ದಾಖಲೆ ಇದೆ, ಅದನ್ನು ಮರೆಯೋದು ಬೇಡ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಇಸಿಬಿಸಿ 2017. ಸಂಪರ್ಕಿತ ಲೋಡ್ 100 ಕಿಲೋವ್ಯಾಟ್ ಅಥವಾ ಬೇಡಿಕೆ 120 ಕೆವಿಎ ದಾಟಿದ ವಾಣಿಜ್ಯ ಕಟ್ಟಡಗಳಿಗೆ. ಹೊರಗಿನ ದೀಪಕ್ಕೆ ಅದರಲ್ಲಿ ವ್ಯಾಟ್ ಮಿತಿ ಇದೆ: ಮುಂಭಾಗದ ಗೋಡೆಗೆ ಚದರ ಮೀಟರಿಗೆ 5 ವ್ಯಾಟ್, ವಾಹನದ ದಾರಿ ಮತ್ತು ಪಾರ್ಕಿಂಗಿಗೆ 1.6, ಕಾಲುದಾರಿಗೆ 2, ಗಿಡಮರದ ಅಲಂಕಾರಕ್ಕೆ 0.5. ಹಗಲಾದಾಗ ಅಥವಾ ಅಗತ್ಯ ಇಲ್ಲದಾಗ ತಾನಾಗಿ ಆರುವಂತೆ ಫೋಟೋಸೆನ್ಸರ್ (ಬೆಳಕನ್ನು ಗುರುತಿಸುವ ಸ್ವಿಚ್ಚು) ಅಥವಾ ಖಗೋಳ ಟೈಮರ್ (ಸೂರ್ಯ ಹುಟ್ಟುವ, ಮುಳುಗುವ ಹೊತ್ತನ್ನು ತಾನೇ ಲೆಕ್ಕ ಹಾಕುವ ಟೈಮರ್) ಇರಲೇಬೇಕು. ಮಾಲ್, ಟೆಕ್‌ಪಾರ್ಕ್, ದೊಡ್ಡ ಹೋಟೆಲಿನ ಗೋಡೆ ರಾತ್ರಿಯಿಡೀ ಬಣ್ಣ ಬದಲಿಸುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಇಸಿಬಿಸಿ ಲೆಕ್ಕದಲ್ಲಿ ಈ ದೀಪ ಇದೆಯಾ, ಟೈಮರ್ ಎಲ್ಲಿ?

ಆದರೆ ಈ ಮಿತಿಯ ದೊಡ್ಡ ದೋಷ ಏನೆಂದರೆ ಅದು ಕರೆಂಟನ್ನು ಅಳೆಯುತ್ತೆ, ಬೆಳಕನ್ನಲ್ಲ. 20 ಮೀಟರ್ ಅಗಲ, 30 ಮೀಟರ್ ಎತ್ತರದ ಗೋಡೆ ಅಂದರೆ 600 ಚದರ ಮೀಟರ್. ಅನುಮತಿ 3000 ವ್ಯಾಟ್. ವ್ಯಾಟಿಗೆ 100 ಲ್ಯೂಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಕೊಡುವ ಎಲ್‌ಇಡಿ ಹಾಕಿದರೆ 3 ಲಕ್ಷ ಲ್ಯೂಮೆನ್. ನಿಯಮ ಪಾಲಿಸಿಯೂ ಬೀದಿಯನ್ನೆಲ್ಲ ಬೆಳಗಿಸಬಹುದು. ಎಲ್‌ಇಡಿ ದಕ್ಷತೆ ಏರಿದಷ್ಟೂ ಅದೇ ವ್ಯಾಟ್ ಮಿತಿ ಇನ್ನಷ್ಟು ಸಡಿಲ ಆಗುತ್ತಾ ಹೋಗುತ್ತೆ. ಹಾಗಾಗಿ ನಮ್ಮ ನಿಯಮವನ್ನು ವ್ಯಾಟಿನಲ್ಲಿ ಬರೀಲೇಬೇಡಿ. ಲ್ಯೂಮೆನ್, ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ದಿಕ್ಕು, ಗಂಟೆ, ಈ ನಾಲ್ಕರಲ್ಲಿ ಬರೀರಿ.

ಕಿಟಕಿಗೆ ಬೀಳುವ ಬೆಳಕಿಗೆ ಅಂಕಿ ಬೇಕಿದ್ದರೆ ಅಂತರರಾಷ್ಟ್ರೀಯ ಬೆಳಕಿನ ಆಯೋಗದ ಸಿಐಇ 150 ಮಾರ್ಗದರ್ಶಿ ಇದೆ. ಅದರಲ್ಲಿ ಪ್ರದೇಶಗಳನ್ನು ಕತ್ತಲಿನಿಂದ ಬೆಳಕಿನ ಕಡೆಗೆ ದರ್ಜೆ ಮಾಡಿದ್ದಾರೆ, ಅತಿ ಹೆಚ್ಚು ಬೆಳಕಿನ ಪ್ರದೇಶ ಇ4. ಸಾಮಾನ್ಯ ವಸತಿ ಬಡಾವಣೆಯನ್ನು ಇ3, ಎಂಜಿ ರಸ್ತೆಯಂಥ ಕಡೆಯನ್ನು ಇ4 ಅಂತ ಹಿಡಿಯಬಹುದು. ಕಿಟಕಿಯ ಮೇಲ್ಮೈಯಲ್ಲಿ ಇ3ಕ್ಕೆ ಸಂಜೆ 10 ಲಕ್ಸ್, ದೀಪ ಆರಿಸುವ ಹೊತ್ತಿನ ನಂತರ 2 ಲಕ್ಸ್. ಇ4ಕ್ಕೆ 25 ಮತ್ತು 5. ಇಲ್ಲಿ ಇದು ಕಾನೂನಲ್ಲ. ಆದರೆ ಕೋರ್ಟಿಗೋ ಪಾಲಿಕೆಗೋ ತೋರಿಸಲು ಜಗತ್ತು ಒಪ್ಪಿದ ಅಂಕಿ.

ಸಂಘದ_ಕಾರ್ಯದರ್ಶಿ
ಆ 50 ವ್ಯಾಟಿನ ದೀಪ 2 ಲಕ್ಸ್ ದಾಟುತ್ತೆ ಅಂತ ಅಳೆಯುವ ಮುಂಚೆಯೇ ಅಂದಾಜು ಮಾಡಬಹುದಾ?

ಲಕ್ಸ್_ಲೆಕ್ಕ
ಮಾಡಬಹುದು. ಅಗ್ಗದ ಎಲ್‌ಇಡಿ ಫ್ಲಡ್‌ಲೈಟು ಸಾಮಾನ್ಯವಾಗಿ 120 ಡಿಗ್ರಿ ಹರಡುತ್ತೆ. 50 ವ್ಯಾಟ್ ಅಂದರೆ ಸುಮಾರು 5000 ಲ್ಯೂಮೆನ್. ಇಂಥ ಹರಡುವಿಕೆಗೆ ಮುಖದ ನೇರದಲ್ಲಿ ತೀವ್ರತೆ = ಲ್ಯೂಮೆನ್ ಭಾಗಿಸು 3.14, ಅಂದರೆ ಸುಮಾರು 1590 ಕ್ಯಾಂಡೆಲಾ. ಅದನ್ನು ದೂರದ ವರ್ಗದಿಂದ ಭಾಗಿಸಿದರೆ ಲಕ್ಸ್. 10 ಮೀಟರ್ ದೂರದ ಕಿಟಕಿಗೆ 16 ಲಕ್ಸ್. 15 ಮೀಟರಿಗೆ 7. ಎರಡು ಲಕ್ಸಿಗೆ ಇಳಿಯಬೇಕಾದರೆ 28 ಮೀಟರ್ ದೂರ ಇರಬೇಕು, 30 ಅಡಿ ರಸ್ತೆಯಲ್ಲಿ ಅದು ಆಗದ ಮಾತು.

ಎಲ್ಲರೂ ಕೊಡುವ ಸಲಹೆ "ಸ್ವಲ್ಪ ಕೆಳಗೆ ಬಗ್ಗಿಸಿ" ಅಂತ. 45 ಡಿಗ್ರಿ ಬಗ್ಗಿಸಿದರೆ ಅದೇ ಎತ್ತರದ ಕಿಟಕಿಗೆ 16 ಇದ್ದದ್ದು 11 ಲಕ್ಸ್ ಆಗುತ್ತೆ, ಅಷ್ಟೇ. ಹರಡುವ ದೀಪ ಬಗ್ಗಿಸಿದರೂ ಹರಡುತ್ತಲೇ ಇರುತ್ತೆ. ಗಾಜು ಪೂರ್ತಿ ನೆಲಕ್ಕೆ ಮುಖ ಮಾಡಿ ಸಮತಲವಾದಾಗ ಮಾತ್ರ ದೀಪದ ಮಟ್ಟಕ್ಕೆ ಮತ್ತು ಅದಕ್ಕಿಂತ ಮೇಲಿನ ಕಿಟಕಿಗಳಿಗೆ ನೇರ ಬೆಳಕು ಸೊನ್ನೆ.

ಇನ್ನು ಆ ಗೇಟಿಗೆ ನಿಜವಾಗಿ ಎಷ್ಟು ಬೇಕು ನೋಡಿ. ಬೀದಿದೀಪಗಳ ಭಾರತೀಯ ಮಾನಕ ಐಎಸ್ 1944 ಪ್ರಕಾರ ವಾಹನ ಕಡಿಮೆ ಇರುವ ಬಿ2 ದರ್ಜೆಯ ಬೀದಿಗೆ ಸರಾಸರಿ 4 ಲಕ್ಸ್, ಹೆಚ್ಚು ವಾಹನದ ಉಪರಸ್ತೆ ಬಿ1ಕ್ಕೆ 8, ಮುಖ್ಯರಸ್ತೆ ಎ2ಕ್ಕೆ 15, ಅತಿ ದಟ್ಟಣೆಯ ಎ1ಕ್ಕೆ 30. ಅದೇ ಫ್ಲಡ್‌ಲೈಟನ್ನು 5 ಮೀಟರ್ ಎತ್ತರದಲ್ಲಿ ಕೆಳಮುಖ ಮಾಡಿದರೆ ಕೆಳಗೆ 64 ಲಕ್ಸ್, ಅಂದರೆ ದಟ್ಟಣೆಯ ರಸ್ತೆಗೆ ಬೇಕಾದ್ದರ ಎರಡು ಪಟ್ಟು, ಒಂದು ಮನೆ ಗೇಟಿಗೆ! 4 ಮೀಟರ್ ಎತ್ತರಕ್ಕೆ 10 ವ್ಯಾಟಿನ, 900 ಲ್ಯೂಮೆನಿನ, ಕೆಳಮುಖದ ಒಂದು ದೀಪ ಹಾಕಿ: ನೇರ ಕೆಳಗೆ 18 ಲಕ್ಸ್. ಬೀಗದ ಕಿಂಡಿ, ಬಂದವರ ಮುಖ ಎಲ್ಲ ಕಾಣುತ್ತೆ. 10 ಮೀಟರ್ ಆಚೆ ನೆಲಮಹಡಿಯ ಕಿಟಕಿಗೆ 0.6 ಲಕ್ಸ್, ಮೇಲಿನ ಮಹಡಿಗೆ ನೇರ ಬೆಳಕೇ ಇಲ್ಲ.

ವೈರ್‌ಮನ್_ಪೀಣ್ಯ
ಲೆಕ್ಕ ಸರಿಯಾಗಿದೆ ಸರ್. ದೀಪ ಬದಲಾಯಿಸೋಕೆ ಒಪ್ಪದೇ ಇರೋರಿಗೆ ಮುಚ್ಚಳ ಹಾಕ್ಕೊಡಬಹುದು. ಅದರಲ್ಲಿ ಮಾಡೋ ತಪ್ಪುಗಳು ಹೇಳ್ತೀನಿ.

ಮೇಲಂಚಿಂದ ಮುಂದಕ್ಕೆ ಒಂದು ತಗಡು ಚಾಚಿದ್ರೆ ಸಾಕು ಅಂದ್ಕೋತಾರೆ. ಸಾಲದು. ತಗಡಿನ ತುದಿ ದೀಪದ ಗಾಜಿನ ಕೆಳಅಂಚಿನ ಮಟ್ಟಕ್ಕಾದ್ರೂ ಇಳಿದಿರ್ಬೇಕು. ಇಲ್ಲಾಂದ್ರೆ ಗಾಜಿನ ಕೆಳಭಾಗದಿಂದ ಹೊರಡೋ ಬೆಳಕು ತಗಡಿನ ಅಡಿಯಿಂದ ನೇರ ಎದುರು ಕಿಟಕಿಗೆ ಹೋಗುತ್ತೆ. ಮಟ್ಟಗೋಲು ಇಟ್ಟು ನೋಡಿ. ಅದಕ್ಕೇ ದೀಪವನ್ನ ಮೊದಲು ಆದಷ್ಟು ಬಗ್ಗಿಸ್ಕೊಂಡು ಆಮೇಲೆ ಮುಚ್ಚಳ ಅಳತೆ ತಗೋಬೇಕು, ಬಗ್ಗಿಸಿದಷ್ಟೂ ಮುಚ್ಚಳ ಚಿಕ್ಕದಾಗುತ್ತೆ. 1 ಎಂಎಂ ಅಲ್ಯೂಮಿನಿಯಂ ಶೀಟು, ಒಳಗಡೆ ಮ್ಯಾಟ್ ಕಪ್ಪು ಬಣ್ಣ. ಹೊಳಪು ಬಿಟ್ರೆ ಶೀಟೇ ಕನ್ನಡಿ ಆಗಿ ಇನ್ನೊಂದು ಕಡೆಗೆ ಎಸೆಯುತ್ತೆ.

ದೀಪದ ಮೈಗೆ ಡ್ರಿಲ್ ಹಾಕ್ಲೇಬೇಡಿ. ಐಪಿ65, ಅಂದ್ರೆ ನೀರು, ದೂಳು ಒಳಗೆ ಹೋಗಲ್ಲ ಅನ್ನೋ ದರ್ಜೆ, ಒಂದು ತೂತಿಗೆ ಮುಗೀತು. ಮೊದಲ ಮಳೆಗೇ ಒಳಗೆ ನೀರು, ಆಮೇಲೆ ಡ್ರೈವರ್ (ದೀಪಕ್ಕೆ ಕರೆಂಟು ಹೊಂದಿಸಿ ಕೊಡೋ ಸರ್ಕ್ಯೂಟು) ಶಾರ್ಟ್. ಬ್ರ್ಯಾಕೆಟ್ಟಿನ ಬೋಲ್ಟಿಗೇ ಮುಚ್ಚಳದ ಕ್ಲ್ಯಾಂಪ್ ಸೇರಿಸಿ. ಹಿಂದುಗಡೆ ಹೀಟ್‌ಸಿಂಕ್ ರೆಕ್ಕೆಗಳನ್ನ ಮುಚ್ಚಬೇಡಿ, ಗಾಳಿ ಆಡದಿದ್ರೆ ಎಲ್‌ಇಡಿ ಬೇಗ ಮಂಕಾಗುತ್ತೆ. ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸೋದು, ಟೇಪ್ ಸುತ್ತೋದು ಬೇಡವೇ ಬೇಡ, ಬಿಸಿಗೆ ಗಾಜು ಸೀಳುತ್ತೆ.

ಟೈಮರಿನದೂ ಒಂದು ವಿಷಯ. 16 ಆಂಪಿಯರ್ ಅಂತ ಬರೆದಿರೋ ಟೈಮರಿಗೆ ಹತ್ತು ಹನ್ನೆರಡು ಎಲ್‌ಇಡಿ ದೀಪ ನೇರ ಕೊಟ್ರೆ ಕೆಲವೇ ತಿಂಗಳಲ್ಲಿ ಕಾಂಟ್ಯಾಕ್ಟ್ ಅಂಟ್ಕೊಂಡು ದೀಪ ಆರೋದೇ ಇಲ್ಲ. ಲೋಡ್ ಲೆಕ್ಕದಲ್ಲಿ ಕಮ್ಮಿನೇ ಇರುತ್ತೆ, ಆದ್ರೆ ಡ್ರೈವರಿನ ಕೆಪಾಸಿಟರ್‌ಗಳು ಹಾಕಿದ ಕ್ಷಣ ಎಳೆಯೋ ಕರೆಂಟು ತುಂಬಾ ಪಟ್ಟು ಜಾಸ್ತಿ. ಟೈಮರಿಂದ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಡೆಯೋ ಸ್ವಿಚ್ಚು), ಕಾಂಟ್ಯಾಕ್ಟರಿಂದ ದೀಪ. ಇದು ಒಂದೇ ದಾರಿ. ತೋಟದ ಕಂಬದೀಪಗಳ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ಲೈನ್ ಕಡಿಯೋ ಸ್ವಿಚ್ಚು) ಬೇರೆಯಾಗಿ ಇರ್ಲೇಬೇಕು, ಮಳೆಗಾಲದಲ್ಲಿ ಮಕ್ಕಳು ಅದನ್ನ ಮುಟ್ಕೊಂಡೇ ಆಡೋದು.

ನಕ್ಷತ್ರ_ವೀಕ್ಷಕಿ
ಫೋಟೋಸೆನ್ಸರಿನ ಜಾಗದ ಬಗ್ಗೆಯೂ ಹೇಳಿ ಸರ್. ಅದರ ಮೇಲೆ ಅದೇ ದೀಪದ ಬೆಳಕು ಬಿದ್ದರೆ ಹತ್ತಿದ ಕೂಡಲೇ ಆರಿ, ಆರಿದ ಕೂಡಲೇ ಹತ್ತುತ್ತಾ ಇರುತ್ತೆ. ಹಕ್ಕಿ ಹಿಕ್ಕೆ, ದೂಳು ಕೂತರೆ ಹಗಲಿಡೀ ಉರಿಯುತ್ತೆ. ನಗರದಲ್ಲಿ ಹಗಲು ಉರಿಯುವ ಎಷ್ಟೋ ದೀಪಗಳ ಕಾರಣ ಅದೇ.

ವೈರ್‌ಮನ್_ಪೀಣ್ಯ
ಹೌದು ಮೇಡಂ. ಸೆನ್ಸರನ್ನ ದೀಪಕ್ಕೆ ಬೆನ್ನು ಮಾಡಿ, ಆಕಾಶ ಕಾಣೋ ಹಾಗೆ ಇಡ್ಬೇಕು. ನನ್ನ ಕೇಳಿದ್ರೆ ಖಗೋಳ ಟೈಮರೇ ಒಳ್ಳೇದು. 12 ಡಿಗ್ರಿ 58 ಮಿನಿಟ್ ಉತ್ತರ, 77 ಡಿಗ್ರಿ 35 ಮಿನಿಟ್ ಪೂರ್ವ ಅಂತ ಒಮ್ಮೆ ಕೊಟ್ರೆ ಮುಳುಗೋ ಹೊತ್ತನ್ನ ತಾನೇ ಲೆಕ್ಕ ಹಾಕ್ಕೊಳ್ಳುತ್ತೆ. ನಮ್ಮಲ್ಲಿ ನವೆಂಬರಲ್ಲಿ 5:50ಕ್ಕೆ ಮುಳುಗಿದ್ರೆ ಜುಲೈನಲ್ಲಿ 6:50, ಒಂದು ಗಂಟೆ ವ್ಯತ್ಯಾಸ. ಸಾದಾ ಟೈಮರಲ್ಲಿ ಇದನ್ನ ವರ್ಷದಲ್ಲಿ ನಾಲ್ಕು ಸಲ ಕೈಯಲ್ಲಿ ಬದಲಾಯಿಸ್ಬೇಕು, ಯಾರೂ ಮಾಡಲ್ಲ. ಬ್ಯಾಟರಿ ಬ್ಯಾಕಪ್ ಇರೋದೇ ತಗೊಳ್ಳಿ. ಇಲ್ಲಾಂದ್ರೆ ಕರೆಂಟ್ ಹೋದಾಗೆಲ್ಲ ಗಡಿಯಾರ ಹಿಂದೆ ಬೀಳುತ್ತೆ, ಕೊನೆಗೆ ಮಧ್ಯಾಹ್ನ ದೀಪ ಹತ್ತುತ್ತೆ.

ಮಲ್ಲೇಶ್ವರ_ನಿವಾಸಿ
ಬೀದಿದೀಪದ ಪ್ರಶ್ನೆಗೆ ಯಾರೂ ಬಂದಿಲ್ಲ. ದೀಪ ಪಾಲಿಕೆಯ ಎಲೆಕ್ಟ್ರಿಕಲ್ ವಿಭಾಗದ್ದು, ಬೆಸ್ಕಾಂ ಕೊಡುವುದು ಕರೆಂಟು ಮಾತ್ರ. ಬೆಸ್ಕಾಂನ 1912ಕ್ಕೆ ಹೇಳಿದರೆ ಅಲ್ಲಿಂದ ಪಾಲಿಕೆಗೆ ಕಳಿಸುತ್ತಾರೆ. 1533ಕ್ಕೆ ಕೊಡಿ, ಕಂಬದ ಮೇಲಿನ ಸಂಖ್ಯೆ ಸಮೇತ. "ಬೆಳಕು ಜಾಸ್ತಿ" ಅಂತ ಬರೆದರೆ ದೂರು ಮುಚ್ಚಿಹಾಕುತ್ತಾರೆ, ಯಾಕೆಂದರೆ ಅವರ ಪಟ್ಟಿಯಲ್ಲಿರುವುದು ಉರಿಯದ ದೀಪ. ಏನು ಮಾಡಬೇಕು ಅಂತ ಬರೆಯಿರಿ: "ದೀಪದ ವಾಲಿಕೆ ಸೊನ್ನೆಗೆ ತನ್ನಿ, ಮನೆ ಕಡೆಗೆ ಮರೆ ಹಾಕಿ."

ವಾಲಿಕೆಯೇ ಮುಖ್ಯ ಕಾರಣ. ಹಳೆ ಸೋಡಿಯಂ ದೀಪದ ತೋಳುಗಳು 10-15 ಡಿಗ್ರಿ ಮೇಲಕ್ಕೆ ವಾಲಿರುತ್ತವೆ, ಆ ದೀಪಕ್ಕೆ ಅದು ಬೇಕಿತ್ತು. ಎಲ್‌ಇಡಿಗೆ ಮಸೂರವೇ ಬೆಳಕನ್ನು ರಸ್ತೆಯುದ್ದಕ್ಕೆ ಎಸೆಯುವುದರಿಂದ ಸಮತಲವಾಗಿ ಕೂರಬೇಕು. ಹಳೆ ತೋಳಿಗೆ ಹೊಸ ದೀಪ ಸಿಕ್ಕಿಸಿದಾಗ ಮುಂಭಾಗದ ಬೆಳಕೆಲ್ಲ ಎದುರು ಮನೆಯ ಎರಡನೇ ಮಹಡಿಗೆ. ಹೆಚ್ಚಿನ ಎಲ್‌ಇಡಿ ದೀಪಗಳ ಕುತ್ತಿಗೆಯಲ್ಲಿ 5 ಡಿಗ್ರಿಯ ಹಂತಗಳಿರುತ್ತವೆ. ಏಣಿ ಬಂಡಿ ಬಂದರೆ ಎರಡು ಬೋಲ್ಟಿನ ಕೆಲಸ. ಆದರೆ ದಯವಿಟ್ಟು ನಿವಾಸಿಗಳು ಯಾರೂ ಕಂಬ ಹತ್ತಬೇಡಿ, ಖಾಸಗಿ ಎಲೆಕ್ಟ್ರಿಷಿಯನ್ನನ್ನೂ ಹತ್ತಿಸಬೇಡಿ.

ಮಲ್ಲೇಶ್ವರ, ಜಯನಗರ, ಬಸವನಗುಡಿಯಂಥ ಮರದ ಬೀದಿಗಳಲ್ಲಿ ಇನ್ನೊಂದು ತೊಂದರೆ. ದೀಪ 9 ಮೀಟರ್ ಎತ್ತರದಲ್ಲಿ, ಮರದ ಕೊಂಬೆ 6 ಮೀಟರಿನಿಂದಲೇ ಶುರು. ಬೆಳಕು ಎಲೆಗಳ ಮೇಲೆ ನಿಲ್ಲುತ್ತೆ, ಫುಟ್‌ಪಾತ್ ಕತ್ತಲು. ಆಗ ಕತ್ತಲೆ ಅಂತ ದೂರು ಬರುತ್ತೆ, ಇನ್ನೂ ಹೆಚ್ಚು ವ್ಯಾಟಿನ ದೀಪ ಬರುತ್ತೆ, ಕೆಳಗೆ ಕತ್ತಲು ಹಾಗೇ ಇರುತ್ತೆ, ಮಹಡಿಯವರ ನಿದ್ದೆ ಕೆಡುತ್ತೆ. ಸರಿಯಾದ ಉಪಾಯ ಅದೇ ಕಂಬಕ್ಕೆ 4-5 ಮೀಟರ್ ಎತ್ತರದಲ್ಲಿ, ಕೊಂಬೆಗಳ ಕೆಳಗೆ, ಫುಟ್‌ಪಾತಿನ ಕಡೆಗೆ ಚಿಕ್ಕ ಎರಡನೇ ದೀಪ. ಆಗ ಮೇಲಿನ ದೀಪವನ್ನು ತಗ್ಗಿಸಬಹುದು, ಕೊಂಬೆ ಕಡಿಯುವ ಮಾತೇ ಇಲ್ಲ.

ಮರಕ್ಕೆ ಸೀರಿಯಲ್ ಸೆಟ್ ಸುತ್ತಿ ಮೊಳೆ ಹೊಡೆಯುವ ಹೋಟೆಲುಗಳ ಬಗ್ಗೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಎಂದರೆ ಯಾವುದೇ ರೀತಿಯಲ್ಲಿ ಮರಕ್ಕೆ ಹಾನಿ ಮಾಡುವುದೂ ಸೇರಿದೆ. ಮೊಳೆ, ಬಿಗಿದ ತಂತಿ ತೊಗಟೆಗೆ ಇಳಿದಿರುವ ಫೋಟೋ ಸಮೇತ ವೃಕ್ಷಾಧಿಕಾರಿಗೆ ಬರೆಯಿರಿ. ದೀಪದ ನಿಯಮಕ್ಕಾಗಿ ಕಾಯಬೇಕಿಲ್ಲ.

ಪ್ಯಾರಿಸ್_ಕನ್ನಡತಿ
ನಗರ ದೊಡ್ಡದಾದರೆ ನಿಯಮ ಸಾಧ್ಯ ಇಲ್ಲ ಅನ್ನೋರಿಗೆ ಫ್ರಾನ್ಸಿನ ಪಠ್ಯ ತೋರಿಸಿ. 2018ರ ಡಿಸೆಂಬರ್ 27ರ ಆದೇಶ ಇಡೀ ದೇಶಕ್ಕೆ, ಪ್ಯಾರಿಸ್ಸಿಗೂ ಅನ್ವಯ. ಅಂಗಡಿಯ ಗಾಜಿನ ಕಿಟಕಿಯ ದೀಪ ರಾತ್ರಿ 1ಕ್ಕೆ ಆರಬೇಕು, ಅಥವಾ ವ್ಯವಹಾರ ತಡವಾಗಿ ಮುಗಿಯುವ ಕಡೆ ಮುಗಿದ ಒಂದು ಗಂಟೆಯೊಳಗೆ. ಮತ್ತೆ ಹತ್ತುವುದು ಬೆಳಿಗ್ಗೆ 7ಕ್ಕೆ. ಕಚೇರಿಗಳ ಒಳದೀಪ ಕೆಲಸ ಮುಗಿದು ಒಂದು ಗಂಟೆಗೆ. ಕಟ್ಟಡದ ಮುಂಭಾಗದ ಅಲಂಕಾರದ ಬೆಳಕು ರಾತ್ರಿ 1ರೊಳಗೆ. ಕಚೇರಿ, ಕಾರ್ಖಾನೆಗಳ ಪಾರ್ಕಿಂಗ್ ಕೆಲಸ ಮುಗಿದು ಎರಡು ಗಂಟೆಗೆ. ರಸ್ತೆ ಮತ್ತು ಪಾರ್ಕಿಂಗ್ ದೀಪದ ಬಣ್ಣ 3000 ಕೆಲ್ವಿನ್ ಮೀರಬಾರದು (ಈ ಅಂಕಿ ಕಡಿಮೆ ಇದ್ದಷ್ಟೂ ಹಳದಿ, ಹೆಚ್ಚಿದ್ದಷ್ಟೂ ನೀಲಿ ಬೆರೆತ ಬಿಳಿ). ದೀಪ ಕೂರಿಸಿದ ಮೇಲೆ ಸಮತಲಕ್ಕಿಂತ ಮೇಲೆ ಹೋಗುವ ಬೆಳಕು 4% ದಾಟಬಾರದು. ಊರೊಳಗಿನ ರಸ್ತೆಗೆ ಚದರ ಮೀಟರಿಗೆ 35 ಲ್ಯೂಮೆನ್ ಗರಿಷ್ಠ. ಲಕ್ಸ್_ಲೆಕ್ಕ ಅವರು ಹೇಳಿದ ಹಾಗೆ ಲ್ಯೂಮೆನ್ನಿನಲ್ಲೇ ಇದೆ, ವ್ಯಾಟಿನಲ್ಲಲ್ಲ. ಜಾಹೀರಾತು ಫಲಕಗಳಿಗೆ 2022ರ ಅಕ್ಟೋಬರ್ ಆದೇಶ: ರಾತ್ರಿ 1ರಿಂದ 6ರವರೆಗೆ ಆರಿರಬೇಕು.

ಹಬ್ಬಕ್ಕೆ, ಪ್ರವಾಸಿ ತಾಣಕ್ಕೆ ವಿನಾಯಿತಿ ಕೊಡುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಇದೆ. ಆ ಬಾಗಿಲು ಇಟ್ಟಿದ್ದರಿಂದಲೇ ನಿಯಮಕ್ಕೆ ವಿರೋಧ ಕಡಿಮೆ. ಫ್ರಾನ್ಸಿನ ವ್ಯವಸ್ಥೆಯ ದೌರ್ಬಲ್ಯ ತಪಾಸಣೆ: ರಾತ್ರಿ 1ರ ಮೇಲೆ ಬಂದು ನೋಡುವ ಸಿಬ್ಬಂದಿ ಬೇಕು, ದೂರು ಕೊಡುವವರು ದಿನಾಂಕ ಮತ್ತು ಗಂಟೆ ಸಮೇತ ಫೋಟೋ ಇಟ್ಟುಕೊಂಡಿರಬೇಕು.

ನಕ್ಷತ್ರ_ವೀಕ್ಷಕಿ
ಅಮೆರಿಕದ ಟೂಸಾನ್ ನಗರವನ್ನೂ ಸೇರಿಸುತ್ತೇನೆ. ಸುತ್ತಲೂ ವೀಕ್ಷಣಾಲಯಗಳಿರುವುದರಿಂದ 1972ರಿಂದ ಅಲ್ಲಿ ಹೊರಾಂಗಣ ದೀಪದ ಸಂಹಿತೆ ಇದೆ, ಈಗ ಅದು ನಿವೇಶನದ ಎಕರೆಗೆ ಇಷ್ಟು ಲ್ಯೂಮೆನ್ ಎಂಬ ಲೆಕ್ಕದಲ್ಲಿದೆ. ಬೀದಿದೀಪಗಳನ್ನು 3000 ಕೆಲ್ವಿನ್ ಎಲ್‌ಇಡಿಗೆ ಬದಲಿಸಿದಾಗ ಮಧ್ಯರಾತ್ರಿಯ ಮೇಲೆ 60%ಕ್ಕೆ ತಗ್ಗುವಂತೆ ಮಾಡಿದರು. 2019ರಲ್ಲಿ ಅದೇ ದೀಪಗಳನ್ನು ಬೇಕೆಂದೇ ಏರಿಸಿ ಇಳಿಸಿ ಉಪಗ್ರಹದಿಂದ ಅಳೆದರು. ನಗರದಿಂದ ಮೇಲೆ ಹೋಗುವ ಬೆಳಕಿನಲ್ಲಿ ಬೀದಿದೀಪದ ಪಾಲು ಐದನೇ ಒಂದಕ್ಕಿಂತ ಕಡಿಮೆ! ಉಳಿದದ್ದೆಲ್ಲ ಅಂಗಡಿ, ಪಾರ್ಕಿಂಗ್, ಫಲಕ, ಮೈದಾನ, ಮನೆಗಳದ್ದು. ಹಾಗಾಗಿ ಪಾಲಿಕೆಯ ಬೀದಿದೀಪವನ್ನಷ್ಟೇ ಹಿಡಿದುಕೊಂಡು ಕೂತರೆ ಬೆಂಗಳೂರಿನಲ್ಲೂ ಕೆಲಸ ಆಗುವುದಿಲ್ಲ. ಸಂಘಗಳು ತಮ್ಮ ದೀಪದಿಂದ ಶುರು ಮಾಡುವುದು ಸಣ್ಣ ಕೆಲಸ ಅಲ್ಲ, ಅದೇ ದೊಡ್ಡ ಭಾಗ.

ಬಣ್ಣದ ಕಾರಣವನ್ನೂ ಸಭೆಯಲ್ಲಿ ಹೇಳಿ. ಅಂಗಡಿಯಲ್ಲಿ ಕೇಳದೆಯೇ ಕೈಗೆ ಬರುವುದು 6500 ಕೆಲ್ವಿನ್ನಿನ ಬಿಳಿ, ಅದರಲ್ಲಿ 450 ನ್ಯಾನೋಮೀಟರ್ ಸುತ್ತಿನ ನೀಲಿ ಹೆಚ್ಚು. ಬೆಳಕು ಗಾಳಿಯಲ್ಲಿ ಚದುರಿದಾಗ ಆಕಾಶ ಬೆಳಗಿ ನಕ್ಷತ್ರ ಮರೆಯಾಗುತ್ತೆ. ಆ ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ, ಆದ್ದರಿಂದ 590ರ ಹಳದಿಗಿಂತ ಆ ನೀಲಿ ಸುಮಾರು ಮೂರು ಪಟ್ಟು ಚದುರುತ್ತೆ. ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುವುದೂ ಹುಳಹುಪ್ಪಟೆಯನ್ನು ಹೆಚ್ಚು ಸೆಳೆಯುವುದೂ ಅದೇ ನೀಲಿ. ಕೆರೆ ಏರಿಯ ನಡಿಗೆ ದಾರಿಗೆ 3000ಕ್ಕಿಂತಲೂ ಕಡಿಮೆ ಸಿಕ್ಕರೆ ಒಳ್ಳೆಯದು.

ಗೇಟ್_ಕಾವಲು
ಎಲ್ಲ ಸರಿ, ಆದರೆ ಸಭೆಯಲ್ಲಿ ಮೊದಲು ಏಳುವ ಮಾತು ಭದ್ರತೆ. ತಡವಾಗಿ ಕೆಲಸದಿಂದ ಬರುವ ಹೆಣ್ಣುಮಕ್ಕಳು ಇದ್ದಾರೆ, ಸಿಸಿಟಿವಿ ಇದೆ. ಇದಕ್ಕೆ ಉತ್ತರ ಇಲ್ಲದೆ ನಿರ್ಣಯ ಪಾಸಾಗಲ್ಲ.

ಲಕ್ಸ್_ಲೆಕ್ಕ
ಆ ಮಾತು ನ್ಯಾಯವಾದದ್ದು, ಅದಕ್ಕೆ ಪೂರ್ತಿ ಉತ್ತರ ಕೊಡಬೇಕು. ಭದ್ರತೆಗೆ ಬೇಕಾದ್ದು ಸಮಪ್ರಮಾಣದ ಬೆಳಕು. ಐಎಸ್ 1944 ಬಿ ದರ್ಜೆಗೆ ಕನಿಷ್ಠ ಮತ್ತು ಸರಾಸರಿಯ ಅನುಪಾತ 0.3 ಇರಬೇಕು ಅನ್ನುತ್ತೆ: ಸರಾಸರಿ 4 ಲಕ್ಸ್ ಇದ್ದರೆ ಅತ್ಯಂತ ಮಬ್ಬಾದ ಜಾಗದಲ್ಲೂ 1.2. ಒಂದೇ ಪ್ರಖರ ದೀಪ ಇದ್ದಾಗ ಕಣ್ಣು ಅದಕ್ಕೆ ಹೊಂದಿಕೊಂಡು ಪಕ್ಕದ ನೆರಳು ಕಪ್ಪಾಗಿಬಿಡುತ್ತೆ, ನಿಂತವರು ಕಾಣಲ್ಲ. 50 ವ್ಯಾಟಿನ ಒಂದರ ಬದಲು 6 ವ್ಯಾಟಿನ ನಾಲ್ಕು, 4 ಮೀಟರ್ ಎತ್ತರದಲ್ಲಿ, 6-7 ಮೀಟರ್ ಅಂತರದಲ್ಲಿ, ಕೆಳಮುಖವಾಗಿ. ಒಂದೊಂದರ ಕೆಳಗೂ ಸುಮಾರು 10 ಲಕ್ಸ್. ಕರೆಂಟು ಅರ್ಧ, ದಾರಿಯುದ್ದಕ್ಕೂ ಮುಖ ಕಾಣುತ್ತೆ.

ಕ್ಯಾಮೆರಾದ ಎದುರಿಗೆ ಫ್ಲಡ್‌ಲೈಟ್ ಇದ್ದರೆ ಮುಖ ಕಪ್ಪು ಆಕೃತಿ ಆಗುತ್ತೆ. ದೀಪ ಕ್ಯಾಮೆರಾದ ಹಿಂದೆ ಅಥವಾ ಮೇಲೆ ಇರಬೇಕು. ಹೆಚ್ಚಿನ ಕ್ಯಾಮೆರಾಗಳಲ್ಲಿ 850 ನ್ಯಾನೋಮೀಟರಿನ ಅವಕೆಂಪು (ಇನ್‌ಫ್ರಾರೆಡ್) ದೀಪ ಇದ್ದೇ ಇದೆ, ಅದಕ್ಕೆ ರಾತ್ರಿಯಿಡೀ ಬಿಳಿ ಬೆಳಕು ಬೇಕಿಲ್ಲ.

ವೈರ್‌ಮನ್_ಪೀಣ್ಯ
ಮೋಷನ್ ಸೆನ್ಸರ್ ಹಾಕೋದಾದ್ರೆ ಪೂರ್ತಿ ಆರಿಸೋದು ಬೇಡ, 20%ಕ್ಕೆ ಇಳಿದು ಜನ ಬಂದಾಗ 100%ಕ್ಕೆ ಏರೋ ಥರದ್ದು ತಗೊಳ್ಳಿ. ಕತ್ತಲಿಗೆ ಕಾಲಿಡೋ ಭಯ ಇರಲ್ಲ. ಎತ್ತರ 2.5ರಿಂದ 3 ಮೀಟರ್. ಜನ ಸೆನ್ಸರಿಗೆ ಅಡ್ಡ ಹಾಯ್ದು ಹೋಗೋ ಹಾಗೆ ಇಡಿ. ನೇರ ಎದುರಿಗೆ ನಡ್ಕೊಂಡು ಬಂದ್ರೆ ತಡವಾಗಿ ಹಿಡಿಯುತ್ತೆ. ಎಸಿ ಹೊರಘಟಕದ ಬಿಸಿಗಾಳಿ, ಅಲ್ಲಾಡೋ ಕೊಂಬೆ, ಬೀದಿನಾಯಿ, ಈ ಮೂರು ಸುಮ್ಸುಮ್ನೆ ಹತ್ತಿಸ್ತವೆ. ಸಮಯ 5 ಮಿನಿಟ್ ಇಡಿ. 30 ಸೆಕೆಂಡ್ ಇಟ್ರೆ ರಾತ್ರಿಯೆಲ್ಲ ಮಿಣುಕಿ ಇನ್ನೊಂದು ಜಗಳಕ್ಕೆ ದಾರಿ.

ಗಡಿಯಾರ ಇಲ್ಲದೇನೇ ಮಧ್ಯರಾತ್ರಿ ತಗ್ಗೋ ಡ್ರೈವರ್‌ಗಳು ಬರ್ತಾವೆ. ಹಿಂದಿನ ರಾತ್ರಿಗಳಲ್ಲಿ ಎಷ್ಟು ಹೊತ್ತು ಉರಿದೆ ಅಂತ ನೋಡಿ ನಡುರಾತ್ರಿ ಊಹಿಸೋದು. ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡೋದ್ರಿಂದ ಆ ಊಹೆ ತಪ್ಪುತ್ತೆ, ಎಂಟು ಗಂಟೆಗೇ ಮಂಕಾಗುತ್ತೆ. ಯುಪಿಎಸ್ ಲೈನ್ ಇದ್ರೆ ಮಾತ್ರ ಅದನ್ನ ಹಾಕಿ.

ಸಂಘದ_ಕಾರ್ಯದರ್ಶಿ
ಅಂಗಡಿಯ ಎಲ್‌ಇಡಿ ಬೋರ್ಡು? ಮಾಲೀಕರು ಮಾತಾಡೋಕೆ ಸಿದ್ಧ ಇದ್ದಾರೆ, ಏನು ಕೇಳಬೇಕು?

ಲಕ್ಸ್_ಲೆಕ್ಕ
ಹೊರಾಂಗಣದ ಬೋರ್ಡುಗಳು ಬಿಸಿಲಲ್ಲೂ ಕಾಣಲಿ ಅಂತ 5000-6000 ನಿಟ್ಸಿಗೆ (ಫಲಕದ ಮೈಯ ಹೊಳಪಿನ ಅಳತೆ) ಮಾಡಿರುತ್ತಾರೆ. ಸಿಐಇ 150 ಫಲಕಕ್ಕೆ ಇ3ರಲ್ಲಿ 800, ಇ4ರಲ್ಲಿ 1000 ನಿಟ್ಸ್ ಮಿತಿ ಹೇಳುತ್ತೆ. ರಾತ್ರಿ 300 ಇದ್ದರೂ ರಸ್ತೆ ಆಚೆಯಿಂದ ಓದಲು ಧಾರಾಳ. ಕಂಟ್ರೋಲರ್ ತಂತ್ರಾಂಶದಲ್ಲಿ ಗಂಟೆಗೆ ತಕ್ಕ ಪ್ರಖರತೆ ಇಡುವ ಜಾಗ ಇರುತ್ತೆ: ಸಂಜೆ 6:30ರಿಂದ 10%, 10ರಿಂದ 5%, ಅಂಗಡಿ ಮುಚ್ಚಿದ ಮೇಲೆ ಸೊನ್ನೆ. ಬೆಳಕಿನ ಸೆನ್ಸರ್ ಜೋಡಿಸಿದ್ದರೆ ಅದರ ತಂತಿ ಕಳಚಿಲ್ಲ ತಾನೇ ಅಂತ ನೋಡಿಸಿ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಬೇಡ, ಕಪ್ಪು ಹಿನ್ನೆಲೆಯಲ್ಲಿ ಬಣ್ಣದ ಅಕ್ಷರ ಇರಲಿ. ಒಟ್ಟು ಬೆಳಕು ಅದೊಂದರಿಂದಲೇ ಬಹಳಷ್ಟು ಇಳಿಯುತ್ತೆ. ಓಡುವುದನ್ನು ನಿಲ್ಲಿಸಿ ನಿಂತ ಅಕ್ಷರ ಮಾಡಿದರೆ ಕೋಣೆಯ ಗೋಡೆ ಮೇಲಿನ ಮಿನುಗು ನಿಲ್ಲುತ್ತೆ. ಮಾಲೀಕರಿಗೆ ಖರ್ಚಿಲ್ಲ, ಬೋರ್ಡಿನ ಆಯಸ್ಸೂ ಹೆಚ್ಚು.

ಕಾನೂನು_ಪುಟ
ಸಭೆಗೆ ಇಡಬಹುದಾದ ಪಠ್ಯ ಇದು. ಬೈಲಾ ತಿದ್ದುವ ಅಗತ್ಯ ಇಲ್ಲ. ಸಾಮಾನ್ಯ ಪ್ರದೇಶದ ದೀಪಗಳ ನಿರ್ವಹಣೆಯ ನಿರ್ಣಯವಾಗಿ ತನ್ನಿ.

"ಸಂಘದ ಆವರಣದ ಹೊರಾಂಗಣ ದೀಪಗಳೆಲ್ಲ ಗಾಜು ನೆಲಕ್ಕೆ ಸಮತಲವಾಗಿರುವಂತೆ, ಅಥವಾ ದೀಪದ ಮಟ್ಟದ ಮೇಲಕ್ಕೆ ನೇರ ಬೆಳಕು ಹೋಗದಂತೆ ಮರೆಯೊಂದಿಗೆ ಇರತಕ್ಕದ್ದು. ಬಣ್ಣ 3000 ಕೆಲ್ವಿನ್ ಮೀರತಕ್ಕದ್ದಲ್ಲ. ಒಂದು ದೀಪ 1000 ಲ್ಯೂಮೆನ್ ಮೀರತಕ್ಕದ್ದಲ್ಲ. ಆಟದ ಅಂಗಳಕ್ಕೆ ವಿನಾಯಿತಿ, ಅಲ್ಲಿ ರಾತ್ರಿ 9:30ಕ್ಕೆ ಆರತಕ್ಕದ್ದು. ಅಲಂಕಾರದ ದೀಪಗಳು ರಾತ್ರಿ 10ಕ್ಕೆ ಆರತಕ್ಕದ್ದು. ದಾರಿದೀಪಗಳು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ 40%ಕ್ಕೆ ತಗ್ಗತಕ್ಕದ್ದು, ಚಲನೆ ಇದ್ದಾಗ ಏರತಕ್ಕದ್ದು. ಸಂಘದ ದೀಪದಿಂದ ಯಾವುದೇ ವಾಸದ ಕಿಟಕಿಯ ಹೊರಮೈಯಲ್ಲಿ ರಾತ್ರಿ 10ರ ನಂತರ 2 ಲಕ್ಸ್ ಮೀರತಕ್ಕದ್ದಲ್ಲ. ಗಣೇಶ ಚತುರ್ಥಿ, ದೀಪಾವಳಿ, ರಾಜ್ಯೋತ್ಸವ, ಕ್ರಿಸ್‌ಮಸ್, ರಂಜಾನ್ ಹಾಗೂ ಮನೆಯ ಮದುವೆಗೆ ಸಮಿತಿಗೆ ತಿಳಿಸಿ ಸಮಯ ವಿಸ್ತರಿಸಬಹುದು."

ಮಲ್ಲೇಶ್ವರ_ನಿವಾಸಿ
ಇದೇ ಪಠ್ಯವನ್ನು ಎದುರು ಕಟ್ಟಡದವರಿಗೂ ಕೊಡಿ, ನೀವು ಪಾಲಿಸಲು ಶುರು ಮಾಡಿದ ಮೇಲೆ. ದೂರಿಗಿಂತ ಅದು ಬೇಗ ಕೆಲಸ ಮಾಡುತ್ತೆ.

ಪ್ಯಾರಿಸ್_ಕನ್ನಡತಿ
2 ಲಕ್ಸ್ ಅಳೆಯುವ ವಿಧಾನವನ್ನೂ ಪಠ್ಯಕ್ಕೆ ಸೇರಿಸಿ, ಇಲ್ಲವಾದರೆ ಪ್ರತಿ ಸಲ ವಾದ.

ಲಕ್ಸ್_ಲೆಕ್ಕ
ಸೇರಿಸೋಣ. 0.1 ಲಕ್ಸ್ ತೋರಿಸುವ ಮೀಟರ್ ಬೇಕು. ಮೊಬೈಲ್ ಆ್ಯಪ್ 10 ಲಕ್ಸಿನ ಕೆಳಗೆ ನಂಬಿಕೆಗೆ ಅರ್ಹ ಅಲ್ಲ, ಅದರ ಸೆನ್ಸರ್ ಇರುವುದು ಪರದೆಯ ಪ್ರಖರತೆ ಹೊಂದಿಸಲು. ಕಿಟಕಿ ತೆರೆದು, ಸೆನ್ಸರನ್ನು ಗಾಜಿದ್ದ ಜಾಗದಲ್ಲೇ ಲಂಬವಾಗಿ ಹೊರಮುಖ ಹಿಡಿಯಿರಿ. ದೀಪದ ಕಡೆ ತಿರುಗಿಸಬೇಡಿ. ಕೋಣೆಯ ದೀಪ ಆರಿರಲಿ, ಅಳೆಯುವವರ ಮೈ ಬೆಳಕಿಗೆ ಅಡ್ಡ ಬರದಿರಲಿ. ದೀಪ ಉರಿಯುತ್ತಿರುವಾಗ ಮೂರು ಓದು, ಆರಿಸಿ ಮೂರು ಓದು. ಎರಡರ ಸರಾಸರಿಗಳ ವ್ಯತ್ಯಾಸವೇ ಆ ದೀಪದ ಪಾಲು. ಎದುರಿನವರು ಆರಿಸಲು ಒಪ್ಪದಿದ್ದರೆ ರಟ್ಟಿನ ತುಂಡೊಂದನ್ನು ಒಂದು ಮೀಟರ್ ಮುಂದೆ ಹಿಡಿದು ಆ ದೀಪವನ್ನಷ್ಟೇ ಮರೆಮಾಡಿ ಎರಡನೇ ಓದು ತೆಗೆದುಕೊಳ್ಳಿ. ಮಳೆ ಬಂದ ರಾತ್ರಿ ಬೇಡ, ಒದ್ದೆ ರಸ್ತೆಯ ಪ್ರತಿಫಲನ ಅಂಕಿಯನ್ನು ಏರಿಸುತ್ತೆ. ಹುಣ್ಣಿಮೆಯ ಬಗ್ಗೆ ಚಿಂತೆ ಬೇಡ: ಪೂರ್ಣಚಂದ್ರನ ಬೆಳಕು ಸುಮಾರು 0.2 ಲಕ್ಸ್, ಅದೂ ಕಳೆಯುವ ಲೆಕ್ಕದಲ್ಲಿ ಹೋಗುತ್ತೆ. ದಿನಾಂಕ, ಗಂಟೆ, ಮಹಡಿ, ಮೀಟರಿನ ಮಾದರಿ ಬರೆದು ಇಬ್ಬರು ಸಹಿ ಹಾಕಿ.

ಸಂಘದ_ಕಾರ್ಯದರ್ಶಿ
ಸೇರಿಸಿದೆ. ಮೀಟರ್ ಸಂಘದ ಖರ್ಚಿನಲ್ಲಿ ಕೊಂಡು ಕಚೇರಿಯಲ್ಲಿ ಇಡೋದು, ಪಕ್ಕದ ಬೀದಿಯವರು ಕೇಳಿದರೂ ಕೊಡೋದು ಅಂತ ಕೊನೆಯ ಸಾಲು ಹಾಕಿದ್ದೇನೆ. ತಿದ್ದಿದ ಪಠ್ಯವನ್ನು ಭಾನುವಾರ ನೋಟೀಸ್ ಬೋರ್ಡಿಗೆ ಹಾಕುತ್ತೇವೆ.